ಲಿಂಕ್‌ಹಾರ್ನ್ ಎಂದು ಬರೆಸಿಕೊಂಡ ಅಜ್ಜ

1848ರ ಮಾರ್ಚ್. ಇಲಿನಾಯ್‌ನಿಂದ ಆರಿಸಿ ಬಂದು ವಾಷಿಂಗ್ಟನ್ನಿನ ಸಂಸತ್ತಿನಲ್ಲಿ ಕೂತಿದ್ದ ವಕೀಲ ಅಬ್ರಹಾಂ ಲಿಂಕನ್ ಅವರನ್ನು ಹುಡುಕಿಕೊಂಡು ಒಂದು ಪ್ರಶ್ನೆ ಬಂತು. ಕೇಳಿದವರು ಮ್ಯಾಸಚೂಸೆಟ್ಸ್‌ನ ಹಿಂಗಮ್ ಎಂಬ ಊರಿನ ಸಾಲೊಮನ್ ಲಿಂಕನ್. ಆ ಊರಿನ ಚರಿತ್ರೆ ಬರೆದವರು ಅವರು. ನಿಮ್ಮ ಹಿರಿಯರು ಯಾರು, ಯಾವ ಕಡೆಯವರು?

ಲಿಂಕನ್ ತಮಗೆ ಗೊತ್ತಿದ್ದಷ್ಟನ್ನು ಬರೆದರು. ಅಜ್ಜನ ಹೆಸರೂ ಅಬ್ರಹಾಂ. 1782ರ ಸುಮಾರಿಗೆ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ ಕೆಂಟಕಿಗೆ ಹೋದವರು. ಎರಡು ವರ್ಷಕ್ಕೆ ಅಲ್ಲಿನ ಮೂಲನಿವಾಸಿಗಳ ಕೈಯಲ್ಲಿ ಹತರಾದರು. ಮುತ್ತಜ್ಜ ಪೆನ್ಸಿಲ್ವೇನಿಯಾದವರಂತೆ, ಕ್ವೇಕರ್ ಪಂಥದವರಂತೆ. ಅದಕ್ಕೂ ಹಿಂದಿನದು ಏನೂ ಕಿವಿಗೆ ಬಿದ್ದಿಲ್ಲ.

ಆ ‘ಅಂತೆ’ಗಳ ಬೆನ್ನು ಹತ್ತಿದವರು ಕೊನೆಗೆ ತಲುಪಿದ್ದು ಜಮೀನಿನ ಕಾಗದಗಳಿಗೆ. ಕಾಡಂಚಿನ ಬೇಸಾಯಗಾರ ದಿನಚರಿ ಬರೆಯುವುದಿಲ್ಲ. ನೆಲ ಕೊಂಡಾಗ, ಮಾರಿದಾಗ, ಸತ್ತಾಗ ಮಾತ್ರ ಅವನ ಹೆಸರು ಕಚೇರಿಯ ಪುಸ್ತಕಕ್ಕೆ ಹತ್ತುತ್ತದೆ. ಅಜ್ಜ ಅಬ್ರಹಾಂ ಹುಟ್ಟಿದ್ದು 1744ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಇಂದಿನ ಬರ್ಕ್ಸ್ ಕೌಂಟಿ. ಅಲ್ಲಿ ಅವರ ಅಜ್ಜ ಮೊರ್ಡೆಕಾಯ್ 1733ರಲ್ಲಿ ಕಟ್ಟಿಸಿದ ಕಲ್ಲಿನ ಮನೆ ಇವತ್ತೂ ನಿಂತಿದೆ. ನೆರೆಯವರು ಕಾಡುಗಡಿಯ ಹೆಸರಾಂತ ಬೇಟೆಗಾರ ಡೇನಿಯಲ್ ಬೂನ್‌ನ ಮನೆತನದವರು. ಎರಡು ಮನೆಗಳ ನಡುವೆ ಕೊಟ್ಟು ತಂದ ನೆಂಟಸ್ತಿಕೆಯೂ ಬೆಳೆಯಿತು. 1768ರಲ್ಲಿ ತಂದೆ ಜಾನ್ ಸಂಸಾರ ಕಟ್ಟಿಕೊಂಡು ವರ್ಜೀನಿಯಾದ ಶೆನಾಂಡೋವಾ ಕಣಿವೆಗೆ ಬಂದರು. ಅಲ್ಲಿ ಅಬ್ರಹಾಂ ಬೇಸಾಯ ಮಾಡಿದರು, ಸ್ವಾತಂತ್ರ್ಯ ಸಮರದ ಕಾಲದಲ್ಲಿ ಸ್ಥಳೀಯ ಪಡೆಯ ಕ್ಯಾಪ್ಟನ್ ಆದರು.

1780ರಲ್ಲಿ ಇದ್ದ ಜಮೀನು ಮಾರಿ, ಬೆಟ್ಟಸಾಲಿನಾಚೆಯ ಕೆಂಟಕಿಯಲ್ಲಿ 400 ಎಕರೆಯ ಹಕ್ಕಿಗೆ 160 ಪೌಂಡ್ ಕಟ್ಟಿದರು. ಬೆಲೆ ಕುಸಿದಿದ್ದ ಕಾಗದದ ಹಣ ಅದು. ಗುಮಾಸ್ತ ಕಿವಿಗೆ ಬಿದ್ದಂತೆ ಹೆಸರು ಬರೆದುಕೊಂಡ: ಅಬ್ರಹಾಂ ಲಿಂಕ್‌ಹಾರ್ನ್. ಬರೀ ‘ಲಿಂಕನ್’ ಎಂದು ಹುಡುಕುತ್ತ ಹೋದವರಿಗೆ ಈ ಅಜ್ಜ ಸಿಗುವುದೇ ಇಲ್ಲ.

ಕೆಂಟಕಿಯ ಚಕ್ಕುಬಂದಿ ನಮ್ಮ ಹಳೆಯ ಕ್ರಯಪತ್ರಗಳನ್ನು ನೆನಪಿಸುವಂಥದ್ದು: ಈ ಮರದಿಂದ ಆ ಹಳ್ಳದವರೆಗೆ, ಹಳ್ಳದಿಂದ ಇನ್ನೊಂದು ಮರಕ್ಕೆ. ಮರ ಬಿದ್ದರೆ ಮೂಲೆಯೇ ಮಾಯ. ಅಳೆಯುತ್ತಿದ್ದದ್ದು 66 ಅಡಿಯ ಸರಪಳಿಯಿಂದ. ಅದರ ಅರ್ಧ 33 ಅಡಿ, ನಮ್ಮ ಗುಂಟೆಯ ಒಂದು ಬದಿ. ಯಾರು ಬೇಕಾದರೂ ತಮಗೆ ಹಿಡಿಸಿದ ನೆಲವನ್ನು ಅಳತೆ ಮಾಡಿಸಬಹುದಿತ್ತಾದ್ದರಿಂದ ಒಂದೇ ಹೊಲದ ಮೇಲೆ ಎರಡು ಮೂರು ಹಕ್ಕುಗಳು ಬಂದು ಕೂರುತ್ತಿದ್ದವು.

ಆ ಕಾಗದಗಳಲ್ಲೆಲ್ಲೂ ಇಲ್ಲದ ಹೆಸರು ಶಾವನೀ ಎಂಬ ಮೂಲನಿವಾಸಿ ಜನರದು. ಕೆಂಟಕಿ ಅವರು ಬೇಟೆಯಾಡುತ್ತ ಬಂದಿದ್ದ ನೆಲ. 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಅದನ್ನು ಬಿಟ್ಟುಕೊಟ್ಟವರು ದೂರದ ಇರಕ್ವಾ ಒಕ್ಕೂಟದವರು, ಶಾವನೀಗಳು ಒಪ್ಪಿರಲಿಲ್ಲ. ತಮ್ಮದಲ್ಲದ ನೆಲವನ್ನು ಇನ್ನೊಬ್ಬರು ಮಾರಿದ ಆ ಅನ್ಯಾಯವನ್ನು ಬದಿಗಿಟ್ಟು ಈ ಅಜ್ಜನ ಸಾವಿನ ಕಥೆ ಹೇಳುವುದು ಸರಿಯಲ್ಲ.

1786ರ ಮೇ ತಿಂಗಳಲ್ಲಿ ಅಬ್ರಹಾಂ ಮೂವರು ಗಂಡುಮಕ್ಕಳನ್ನು ಕಟ್ಟಿಕೊಂಡು ಹೊಲದಲ್ಲಿದ್ದಾಗ ಕಾಡಿನಿಂದ ಗುಂಡು ಹಾರಿತು. ಅವರು ಅಲ್ಲೇ ಬಿದ್ದರು. ನಡುವಿನವನು ಜೋಸಯಾ ಸಹಾಯಕ್ಕೆಂದು ಹತ್ತಿರದ ಕೋಟೆಯತ್ತ ಓಡಿದ. ಹಿರಿಯವನು ಮೊರ್ಡೆಕಾಯ್ ಮನೆಯೊಳಗಿಂದ ಕೋವಿ ತೆಗೆದುಕೊಂಡ. ಎಂಟು ವರ್ಷದ ಥಾಮಸ್ ಅಪ್ಪನ ಹೆಣದ ಪಕ್ಕ ಉಳಿದುಬಿಟ್ಟಿದ್ದ. ಅವನತ್ತ ಬರುತ್ತಿದ್ದವನನ್ನು ಮೊರ್ಡೆಕಾಯ್ ಗುರಿಯಿಟ್ಟು ಕೊಂದ. ಆ ಥಾಮಸನೇ ಲಿಂಕನ್ನರ ತಂದೆ. ತಾವು ಕೇಳಿ ಬೆಳೆದ ಕಥೆಗಳಲ್ಲೆಲ್ಲ ಮನಸ್ಸಿನಲ್ಲಿ ಆಳವಾಗಿ ಊರಿದ್ದು ಇದೇ ಎಂದು ಅವರು 1854ರಲ್ಲಿ ಒಬ್ಬ ಬಂಧುವಿಗೆ ಬರೆದರು.

ಸತ್ತವರ ಆಸ್ತಿಯ ಪಟ್ಟಿ ನೆಲ್ಸನ್ ಕೌಂಟಿಯ ನ್ಯಾಯಾಲಯಕ್ಕೆ ಬಂತು. ಕುದುರೆಗಳು, ಕರುವಿನ ಸಮೇತ ಹಸುಗಳು, ಮೂರು ಕಳೆಗುದ್ದಲಿ, ಕೋವಿಗಳು, ತವರದ ತಟ್ಟೆಗಳು, ಟರ್ಕಿ ಕೋಳಿಯ ಗರಿ ತುಂಬಿದ ಹಾಸಿಗೆ. ಅದರಲ್ಲೇ ಚರ್ಮ ಹೆರೆಯುವ ಚಾಕು, ಮರದ ತೊಗಟೆ ಸುಲಿಯುವ ಕಬ್ಬಿಣ. ಚರ್ಮ ಹದ ಮಾಡುವುದಕ್ಕೆ ಬೇಕಾದ್ದು ತೊಗಟೆ. ಅವರು ಆ ಕಸುಬನ್ನೂ ಬಲ್ಲವರಾಗಿದ್ದರೆಂದು ಹೇಳುವವು ಈ ಎರಡು ಸಾಮಾನುಗಳು. ಪಟ್ಟಿ ಓದುತ್ತಿದ್ದರೆ ಆ ಒಂಟಿಮನೆಯ ಒಳಗೆ ಹೋಗಿ ನಿಂತಂತಾಗುತ್ತದೆ.

ಸತ್ತ ವರ್ಷವೂ ಇಲ್ಲಿ ದೊಡ್ಡ ಸಂಗತಿ. ಮೊಮ್ಮಗನ ಲೆಕ್ಕದಲ್ಲಿ ಅದು 1784, ದಾಖಲೆಯಲ್ಲಿ 1786. ಅಪ್ಪ ಉಯಿಲು ಬರೆಯದೆ ಸತ್ತರೆ ಜಮೀನೆಲ್ಲ ಹಿರಿಮಗನಿಗೇ ಎಂಬುದು ವರ್ಜೀನಿಯಾದ ಹಳೆಯ ಕಾನೂನು, ಕೆಂಟಕಿ ಆಗ ವರ್ಜೀನಿಯಾಕ್ಕೇ ಸೇರಿತ್ತು. ಮಕ್ಕಳೆಲ್ಲರಿಗೂ ಸಮಪಾಲು ಎಂಬ ಹೊಸ ಕಾನೂನು 1785ರಲ್ಲೇ ಅಂಗೀಕಾರವಾಗಿದ್ದರೂ ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಎಂಟೇ ತಿಂಗಳ ಅಂತರದಲ್ಲಿ ಜಮೀನೆಲ್ಲ ಹಿರಿಯವನಾದ ಮೊರ್ಡೆಕಾಯ್‌ಗೆ ಹೋಯಿತು, ಥಾಮಸನಿಗೆ ಪಾಲು ಸಿಗಲಿಲ್ಲ. ವಿಧವೆ ಬ್ಯಾತ್‌ಶೀಬಾ ಐದು ಮಕ್ಕಳೊಂದಿಗೆ ಬೇರೆ ಕೌಂಟಿಗೆ ಹೋದರು. ಥಾಮಸ್ ಕೂಲಿ ಮಾಡುತ್ತ, ಊರೂರು ಅಲೆಯುತ್ತ, ಹೆಸರು ಗೀಚುವಷ್ಟೇ ಅಕ್ಷರ ಕಲಿತು ದೊಡ್ಡವನಾದ. ಮುಂದೆ ತಾನೇ ಕೊಂಡ ಹೊಲಗಳೂ ಹಕ್ಕಿನ ತಕರಾರಿಗೆ ಸಿಕ್ಕಿ 1816ರಲ್ಲಿ ಹೆಂಡತಿ ಮಕ್ಕಳೊಂದಿಗೆ ಇಂಡಿಯಾನಾಕ್ಕೆ ದಾಟಿದ. ಕೆಂಟಕಿ ಬಿಟ್ಟದ್ದು ಸ್ವಲ್ಪ ಗುಲಾಮಗಿರಿಯ ಕಾರಣಕ್ಕೆ, ಹೆಚ್ಚಾಗಿ ಜಮೀನಿನ ಹಕ್ಕಿನ ತೊಂದರೆಗೆ ಎಂದು ಲಿಂಕನ್ನರೇ ಬರೆದಿದ್ದಾರೆ.

1859ರ ಕೊನೆಯಲ್ಲಿ ತಮ್ಮ ಬದುಕಿನ ಕಿರುಪರಿಚಯ ಬರೆಯುವಾಗಲೂ ಲಿಂಕನ್ನರಿಗೆ ಗಂಟು ಬಿಚ್ಚಿರಲಿಲ್ಲ. ನ್ಯೂ ಇಂಗ್ಲೆಂಡಿನ ಲಿಂಕನ್ನರ ಜೊತೆ ಸಂಬಂಧ ಕಾಣಲು ಮಾಡಿದ ಯತ್ನದಿಂದ ದೊರೆತದ್ದು ಲೆವಿ, ಮೊರ್ಡೆಕಾಯ್, ಸಾಲೊಮನ್, ಅಬ್ರಹಾಂ ಎಂಬ ಹೆಸರುಗಳು ಎರಡೂ ಕಡೆ ಇವೆ ಎಂಬುದಷ್ಟೇ ಎಂದು ಬರೆದರು. ಅಜ್ಜನ ಹೆಸರು ಮೊಮ್ಮಗನಿಗಿಡುವ ನಮ್ಮಂಥವರಿಗೆ ಅದು ಚಿಕ್ಕ ಸುಳಿವಲ್ಲ. ಅವರ ಕಾಲವಾದ ಮೇಲೆ ವಂಶಾವಳಿ ಶೋಧಕರು ಜಮೀನು, ಉಯಿಲು, ಚರ್ಚಿನ ದಾಖಲೆಗಳನ್ನು ಜೋಡಿಸಿ ತಲೆಮಾರುಗಳನ್ನು ಹಿಂದಕ್ಕೆ ಏರಿದರು: ಅಬ್ರಹಾಂ, ಜಾನ್, ಮೊರ್ಡೆಕಾಯ್, ಅವರಪ್ಪ ಇನ್ನೊಬ್ಬ ಮೊರ್ಡೆಕಾಯ್, ಕೊನೆಗೆ ಸ್ಯಾಮ್ಯುಯೆಲ್. ಇಂಗ್ಲೆಂಡಿನ ನಾರ್ಫೋಕ್‌ನಿಂದ, ನೇಕಾರರೊಬ್ಬರ ಕೈಕೆಳಗೆ ಕೆಲಸ ಕಲಿಯುವ ಹುಡುಗನಾಗಿ, 1637ರಲ್ಲಿ ಹಡಗು ಹತ್ತಿ ಬಂದವನು. ಅವನು ನೆಲೆ ನಿಂತ ಊರು ಹಿಂಗಮ್. 1848ರಲ್ಲಿ ಆ ಪ್ರಶ್ನೆ ಹೊರಟದ್ದೂ ಅಲ್ಲಿಂದಲೇ.