ಪರದೆಯ ಮೇಲಿನ ಪಿಂಗಾಣಿ

ಚಿಕ್ಕಬಳ್ಳಾಪುರ ಜಿಲ್ಲೆಯ ಸ್ಕಂದಗಿರಿ ಹತ್ತುವವರು ಈಗ ಮೊದಲು ಫೋನಿನಲ್ಲಿ ಚಾರಣದ ಟಿಕೆಟ್ ಕಾಯ್ದಿರಿಸುತ್ತಾರೆ, ಬೆಟ್ಟದ ಬುಡಕ್ಕೆ ಬರುವುದು ಆಮೇಲೆ. ಅದೇ ಜಿಲ್ಲೆಯ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೂ ಇ-ಹರಾಜು ಬಂದಿದೆ. ಹೀಗಿರುವಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಕಲಾಸಕ್ತರು ಸಮಕಾಲೀನ ಪಿಂಗಾಣಿ ಕಲೆಯನ್ನು ಮೊದಲು ಕಾಣುವುದು ಇನ್‌ಸ್ಟಾಗ್ರಾಮಿನಲ್ಲಿ ಎಂದರೆ ಅಚ್ಚರಿಪಡಬೇಕಿಲ್ಲ. ಚಿಕ್ಕಬಳ್ಳಾಪುರದಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಗ್ಯಾಲರಿಗಳಿವೆ ನಿಜ. ಆದರೆ ಬಸ್ ಚಾರ್ಜು ಹೊಂದಿಸಿಕೊಂಡಷ್ಟು ಸುಲಭವಾಗಿ ಗ್ಯಾಲರಿಯ ಗಾಜಿನ ಬಾಗಿಲು ತಳ್ಳುವ ಧೈರ್ಯ ಹೊಂದಿಸಿಕೊಳ್ಳಲಾಗದು. ಫೋನಿಗೆ ಅಂಥ ಬಾಗಿಲಿಲ್ಲ. ಹಾಗೆಂದು ಪರದೆಯಲ್ಲಿ ಕಂಡದ್ದೆಲ್ಲ ಕಲೆಯನ್ನು ಕಂಡಂತೆ ಆಗುತ್ತದೆಯೇ? ಆಗುವುದಿಲ್ಲ. ಫೋನು ಕಲಾವಿದರ ಪರಿಚಯ ಮಾಡಿಕೊಡುತ್ತದೆ; ಕೃತಿಯ ಪರಿಚಯ ಕೈಯಿಂದಲೇ ಆಗಬೇಕು. ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಂಡರೆ ಮೊದಲನೆಯದು ಸಣ್ಣ ಲಾಭವಲ್ಲ ಎಂಬುದು ಗೊತ್ತಾಗುತ್ತದೆ.

ಪಿಂಗಾಣಿ ಕಲಾವಿದೆ ಅಶ್ವಿನಿ ಭಟ್ ಅವರನ್ನೇ ನೋಡಿ. ಪುತ್ತೂರಿನಲ್ಲಿ ಹುಟ್ಟಿ, ಹಳ್ಳಿಯ ಕೃಷಿಕರ ನಡುವೆ ಬೆಳೆದವರು. ಓದಿದ್ದು ಸಾಹಿತ್ಯ, ಕಲಿತದ್ದು ಶಾಸ್ತ್ರೀಯ ನೃತ್ಯ. ಚೆನ್ನೈನ ಪದ್ಮಿನಿ ಚೆಟ್ಟೂರ್ ಅವರ ಸಮಕಾಲೀನ ನೃತ್ಯ ತಂಡದಲ್ಲೂ ಇದ್ದರು. ಮಣ್ಣಿಗೆ ಕೈ ಹಾಕಿದ್ದು ಆಮೇಲೆ, ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ, ರೇ ಮೀಕರ್ ಅವರ ಬಳಿ. ಈಗ ಅವರ ನೆಲೆ ಕ್ಯಾಲಿಫೋರ್ನಿಯಾ. ಅವರು ಮಾಡುವುದು ಬಟ್ಟಲು, ಹೂಜಿಗಳನ್ನಲ್ಲ. ದೇಹವೋ ಮರದ ಬೊಡ್ಡೆಯೋ ಬೀಜದ ಕೋಶವೋ ಎಂದು ಬಿಡಿಸಿ ಹೇಳಲಾಗದ ಶಿಲ್ಪಗಳನ್ನು. ನಮ್ಮ ಕಡೆಯ ಹಳ್ಳಿಗಳ ಗುಡಿ-ಕಟ್ಟೆಗಳ ನೆನಪು ಅವುಗಳೊಳಗೆ ಹಾಸುಹೊಕ್ಕಾಗಿದೆ. ಕುಣಿದ ಮೈ ಮಣ್ಣನ್ನು ಹೇಗೆ ತಿರುಚೀತು ಎಂಬ ಕುತೂಹಲ ಇಟ್ಟುಕೊಂಡು ನೋಡಿದರೆ ಅವುಗಳ ಬಾಗು, ಬಳುಕು ಇನ್ನಷ್ಟು ಅರ್ಥವಾಗುತ್ತವೆ. ಅವರ ಗುರುವಿನ ಕಥೆಯೂ ಕಡಿಮೆಯದಲ್ಲ. ಅಮೆರಿಕದಿಂದ ಬಂದ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಶುರುಮಾಡಿದರು. ಇಂದು ದೇಶದಲ್ಲಿ ಹೆಸರು ಮಾಡಿರುವ ಪಿಂಗಾಣಿ ಕಲಾವಿದರಲ್ಲಿ ಬಹಳ ಮಂದಿ ಅಲ್ಲಿ ಕಲಿತವರು. ಮೀಕರ್ ಒಂದು ಹಂತದಲ್ಲಿ ಹಸಿ ಇಟ್ಟಿಗೆಯಿಂದ ಮನೆ ಕಟ್ಟಿ, ಒಳಗೆ ಇಟ್ಟಿಗೆ-ಹೆಂಚು ತುಂಬಿ, ಇಡೀ ಮನೆಯನ್ನೇ ಆವಿಗೆಯಾಗಿಸಿ ದಿನಗಟ್ಟಲೆ ಸುಟ್ಟರು. ಪುತ್ತೂರಿನ ಹೆಣ್ಣುಮಗಳೊಬ್ಬಳು ಪುದುಚೇರಿಯ ಈ ಬೆಂಕಿಯಿಂದ ಹಾದು ಕ್ಯಾಲಿಫೋರ್ನಿಯಾ ತಲುಪಿದ ದಾರಿ ಇವತ್ತು ಚಿಂತಾಮಣಿಯಲ್ಲಿ ಕೂತವರಿಗೂ ಗೊತ್ತಾಗುವುದು ಫೋನಿನ ಕೃಪೆಯಿಂದ. ಅವರ ಪ್ರದರ್ಶನ ಗೌರಿಬಿದನೂರಿಗೆ ಬರಲೆಂದು ಕಾದು ಕೂರುವುದು ಆಗದ ಮಾತು.

ಇನ್ನು ಪರದೆ ಮುಚ್ಚಿಡುವ ಸಂಗತಿಗಳು. ಕುಂಬಾರರ ಆವಿಗೆಯಲ್ಲಿ ಬೆಂದ ಕೆಂಪು ಮಡಕೆ ಸಾಮಾನ್ಯವಾಗಿ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಒಳಗೇ ಸುಟ್ಟದ್ದು. ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಬೇಸಿಗೆಯಲ್ಲಿ ನೀರು ಜಿನುಗಿ, ಆವಿಯಾಗಿ, ಒಳಗಿನದನ್ನು ತಣ್ಣಗಿಡುವುದು ಅದರಿಂದಲೇ. ಉಪ್ಪಿನಕಾಯಿ ಜಾಡಿಯಂಥ ಸ್ಟೋನ್‌ವೇರ್ 1200ರಿಂದ 1300 ಡಿಗ್ರಿಯವರೆಗೆ ಬೇಯುತ್ತದೆ. ಮಣ್ಣು ಒಳಗೊಳಗೇ ಕರಗಿ, ಬೆಸೆದು, ಕಲ್ಲಾಗುತ್ತದೆ. ಹಸಿಯಿದ್ದಾಗಿನ ಅಳತೆಯಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕುಗ್ಗಿರುತ್ತದೆ. ಚಿತ್ರದಲ್ಲಿ ಎರಡೂ ಕಂದು ಬಣ್ಣದ ಪಾತ್ರೆಗಳೇ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಮಾತ್ರ ಒಂದು ಮಂದವಾಗಿ, ಇನ್ನೊಂದು ಗಂಟೆಯ ಹಾಗೆ ದನಿಗೊಡುತ್ತದೆ. ಅಡುಗೆಮನೆಯ ಹಳೆಯ ಉಪ್ಪಿನಕಾಯಿ ಜಾಡಿಯನ್ನು ಒಮ್ಮೆ ಬೋರಲು ಹಾಕಿ ನೋಡಿ. ತಳದಂಚಿನಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಇಲ್ಲದೆ ಬಿಟ್ಟ ಒರಟು ಉಂಗುರ ಕಾಣುತ್ತದೆ. ಅಲ್ಲಿಯೂ ಹಚ್ಚಿದ್ದರೆ ಗ್ಲೇಜ್ ಕರಗಿ ಜಾಡಿ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತಿತ್ತು. ಮಣ್ಣಿನ ನಿಜವಾದ ಬಣ್ಣ, ಮಾಡಿದವರ ಕೈಯ ಶಿಸ್ತು ಗೊತ್ತಾಗುವುದು ಆ ಉಂಗುರದಲ್ಲಿ. ಆನ್‌ಲೈನಿನಲ್ಲಿ ಮಾರುವವರು ಅದರ ಚಿತ್ರ ಹಾಕುವುದು ಅಪರೂಪ. ಕೊಳ್ಳುವವರು ಕೇಳಿ ತರಿಸಿಕೊಳ್ಳಬೇಕು.

ಇಷ್ಟೆಲ್ಲ ಕೊರತೆಯಿದ್ದರೆ ಪರದೆಯ ಸಹವಾಸವೇ ಬೇಡ ಎನ್ನುವವರಿದ್ದಾರೆ. ನಿಧಾನವಾಗಿ ಇಳಿಯುವ ಗ್ಲೇಜ್, ತಿಗರಿಯ ಮೇಲೆ ಎದ್ದು ಬರುವ ಮಣ್ಣಿನ ಗೋಡೆ, ಇಂಥ ವಿಡಿಯೊಗಳಿಗೆ ಸಿಗುವ ಲೈಕುಗಳು ಕಲಾವಿದರನ್ನು ಕಣ್ಣಿಗೆ ಹೊಳೆಯುವುದರ ಕಡೆಗೇ ಎಳೆಯುತ್ತವೆ, ಒಬ್ಬರು ಮಾಡಿದ್ದನ್ನು ನಾಳೆ ಹತ್ತು ಜನ ನಕಲು ಮಾಡುತ್ತಾರೆ ಎಂಬುದು ಅವರ ಆಕ್ಷೇಪ. ತಳ್ಳಿಹಾಕುವ ಮಾತಲ್ಲ ಅದು. ಆದರೆ ಶಿಡ್ಲಘಟ್ಟದ ಮಾರುಕಟ್ಟೆ ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಬೆಲೆ ಕೂಗುವುದು ಫೋನಿನಲ್ಲಾದರೂ ಅದಕ್ಕೆ ಮೊದಲು ಲಾಟಿನ ಮುಂದೆ ನಿಂತು ಗೂಡು ಕೈಗೆತ್ತಿಕೊಂಡು ನೋಡುತ್ತಾರೆ. ತಂತ್ರಜ್ಞಾನ ಬಂತೆಂದು ಕೈಯ ಪರೀಕ್ಷೆಯನ್ನು ಯಾರೂ ಬಿಟ್ಟಿಲ್ಲ. ಪಿಂಗಾಣಿಯಲ್ಲೂ ಇದೇ ಕ್ರಮ ಸಲ್ಲುತ್ತದೆ: ಹುಡುಕುವುದು ಫೋನಿನಲ್ಲಿ, ಒಪ್ಪುವುದು ಕೈಯಲ್ಲಿ. ಇನ್ನು ನಕಲು ಅಂತರ್ಜಾಲ ಹುಟ್ಟಿಸಿದ ರೋಗವೇನಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ಹೆಂಚಿನ ಮಾದರಿಯನ್ನು ನೋಡಿ ಎಷ್ಟೋ ಕಾರ್ಖಾನೆಗಳು ಎದ್ದವು, ಮಂಗಳೂರು ಹೆಂಚು ಊರೂರಿಗೆ ಹಬ್ಬಿದ್ದೇ ಹಾಗೆ. ಆಗ ಬೇಕಿದ್ದದ್ದು ಹೆಂಚು, ಯಾರ ಕೈ ಎಂಬುದಲ್ಲ. ಕಲಾಕೃತಿಯಲ್ಲಿ ಕೈಯೇ ಮುಖ್ಯ. ಕೃತಿಯ ಜತೆಗೆ ಹೆಸರು, ವರ್ಷ, ಗುರು, ಆವಿಗೆ ಎಲ್ಲವೂ ದಾಖಲಾಗುವ ಕಡೆ ನಕಲು ಬೇಗ ಸಿಕ್ಕಿಬೀಳುತ್ತದೆ.

ಈ ದಾಖಲೆಯ ಲಾಭ ಸಿಗುತ್ತಿರುವುದು ಯಾರಿಗೆ ಎಂಬಲ್ಲಿ ಮಾತ್ರ ನನ್ನ ತಕರಾರಿದೆ. ಸ್ಟುಡಿಯೊ ಕಲಾವಿದರಿಗೆ ಪುಟವಿದೆ, ಇಂಗ್ಲಿಷಿನಲ್ಲಿ ಬರೆದ ಪರಿಚಯವಿದೆ. ಬೆಂಗಳೂರಿನ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ತಲೆಮಾರುಗಳಿಂದ ತಿಗರಿ ತಿರುಗಿಸುತ್ತ ಬಂದ ಕುಟುಂಬಗಳು ಜಾಲದಲ್ಲಿ ಕಾಣಿಸುವುದು ಬಹುಮಟ್ಟಿಗೆ ಬೇರೆಯವರು ತೆಗೆದ ಚಿತ್ರಗಳಲ್ಲಿ, ಹೆಸರಿಲ್ಲದ ಕೈಗಳಾಗಿ. ನಮ್ಮ ಜಿಲ್ಲೆಯ ಸಂತೆಗಳಲ್ಲಿ ಮಡಕೆ, ಹಣತೆ ಮಾರುವವರಿಗೆ ಅಷ್ಟೂ ಇಲ್ಲ. ಬೇಸಿಗೆಗೊಮ್ಮೆ, ದೀಪಾವಳಿಗೊಮ್ಮೆ ನೆನಪಾಗುವ ಕಸುಬಾಗಿ ಅದು ಕುಗ್ಗುತ್ತಿದೆ, ಕುಂಬಾರರ ಮಕ್ಕಳು ಬೇರೆ ಕೆಲಸ ಹಿಡಿದರೆ ತಪ್ಪೆನ್ನಲಾಗದು. ಫೋನು ಇದನ್ನೆಲ್ಲ ಸರಿಪಡಿಸೀತು ಎಂಬ ಭ್ರಮೆ ಬೇಡ. ಆದರೂ ಮುಂದಿನ ಸಲ ಸಂತೆಯಲ್ಲಿ ಮಡಕೆ ಕೊಂಡಾಗ ಮಾಡಿದವರನ್ನು ಕೇಳಿ, ಅವರು ಒಪ್ಪಿದರೆ ಮಡಕೆಯ ಚಿತ್ರದ ಕೆಳಗೆ ಅವರ ಹೆಸರನ್ನೂ ಊರನ್ನೂ ಕನ್ನಡದಲ್ಲೇ ಬರೆದು ಹಾಕಿ.