ಡಿಪ್‌ಸ್ಟಿಕ್‌ನ ಮೇಲಿನ ಗುರುತು ದಾಟಿದೆಯಾ ಆಯಿಲ್?

ಕಾರು ಸರ್ವಿಸ್ ಆಗಿ ಬಂತು.
ಇಂಜಿನ್ ಆಯಿಲ್ ಹೊಸದು.
ಆದರೆ ಅದು ಜಾಸ್ತಿ ಆಗಿದೆಯಾ ಅಂತ ಯಾರಾದರೂ ನೋಡಿದರಾ?

ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ಸಂಪ್ ಇದೆ.
ಅದರ ಮೇಲೆ ಕ್ರ್ಯಾಂಕ್‌ಶಾಫ್ಟ್,
ಹೆದ್ದಾರಿಯಲ್ಲಿ ನಿಮಿಷಕ್ಕೆ 2,000 ಸುತ್ತಿಗೂ ಹೆಚ್ಚು ತಿರುಗುತ್ತೆ.
ಆಯಿಲ್ ತೀರಾ ಮೇಲೇರಿದರೆ ಶಾಫ್ಟ್ ಅದರೊಳಗೇ ಮುಳುಗಿ ಏಳುತ್ತೆ.

ಕಡಗೋಲು ಹಾಕಿ ಮೊಸರು ಕಡೆದ ಹಾಗೆ,
ಬರೀ ನೊರೆ!

ನೊರೆಯ ತುಂಬ ಗಾಳಿ.
ಗಾಳಿ ಬೇರಿಂಗನ್ನು ಕಾಯಲ್ಲ.
ಆಯಿಲ್ ಒತ್ತಡ ಬೀಳುತ್ತೆ, ಸೀಲ್‌ಗಳಲ್ಲಿ ಜಿನುಗಬಹುದು,
ಸೈಲೆನ್ಸರಿನಿಂದ ನೀಲಿ ಹೊಗೆ ಬರಬಹುದು.

ನೋಡೋದು ಸುಲಭ.
ಕಾರು ಸಮತಟ್ಟು ಜಾಗದಲ್ಲಿರಲಿ.
ಬಿಸಿಯಾದ ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಡಿ.
ಮೇಲೆ ಅಂಟಿದ ಆಯಿಲ್ ಕೆಳಗಿಳಿಯಬೇಕಲ್ಲ!
ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿ,
ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ.
ತುದಿಯಲ್ಲಿ ಎರಡು ಗುರುತು.
ಆಯಿಲ್ ಅವುಗಳ ನಡುವೆ ಇದ್ದರೆ ಸರಿ.

ಬಿಎಸ್-6 ಡೀಸೆಲ್ ಕಾರಿನವರು ಇನ್ನೂ ಹುಷಾರಾಗಿರಬೇಕು.
ಯಾರೂ ಸುರಿಯದೇ ಮಟ್ಟ ಏರಬಹುದು!
ಹೊಗೆಯ ಫಿಲ್ಟರಿನಲ್ಲಿ ಕೂತ ಮಸಿ ಸುಡೋಕೆ ಇಂಜಿನ್ ಹೆಚ್ಚುವರಿ ಡೀಸೆಲ್ ಬಿಡುತ್ತೆ.
ಬೆಂಗಳೂರು ಟ್ರಾಫಿಕ್‌ನಲ್ಲಿ ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ
ಆ ಕೆಲಸ ಅರ್ಧಕ್ಕೇ ನಿಲ್ಲುತ್ತೆ.
ಪದೇ ಪದೇ ಹೀಗಾದರೆ,
ಸುಡದೇ ಉಳಿದ ಡೀಸೆಲ್ ಪಿಸ್ಟನ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತೆ.
ಆಯಿಲ್ ತೆಳುವಾಗುತ್ತೆ.
ಆಗ ಪೂರ್ತಿ ಬದಲಾಯಿಸೋದೇ ಸರಿ.

ಬರೀ ಜಾಸ್ತಿ ಸುರಿದಿದ್ದರೆ?
ಇಂಜಿನ್ ಸ್ಟಾರ್ಟ್ ಮಾಡಬೇಡಿ.
ಡಿಪ್‌ಸ್ಟಿಕ್ ಪೈಪಿನಿಂದ ಮೆಕ್ಯಾನಿಕ್ ಕೈಪಂಪಲ್ಲಿ ಎಳೆದು ತೆಗೀತಾರೆ,
ಇಲ್ಲವೇ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಇಳಿಸ್ತಾರೆ.