ಜೇನ್ನೊಣದ ವ್ಯಾಸಂಗಕ್ಕೆ ವಿದ್ಯಾರ್ಥಿಯ ಮಾರ್ಗ

ಹಾಸನದ ಸೀಮೆಯಲ್ಲಿ, ಮೊಸಳೆಯಂತಹ ಊರುಗಳಲ್ಲಿ, ಜೇನನ್ನು ಬರಿಯ ಜೇನೆಂದು ಹೇಳಿ ಬಿಡುವುದಿಲ್ಲ. ಎತ್ತರವಾದ ಕೊಂಬೆಯಲ್ಲಿ ತೂಗುವುದು ಹೆಜ್ಜೇನು. ಪೊಟರೆಯಲ್ಲಿಯೂ ಹುತ್ತದಲ್ಲಿಯೂ ಅಡಗಿ ಹಲವು ಎರಿಗಳನ್ನು ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಒಂದೇ ಎರಿಯನ್ನು ಕಟ್ಟುವುದು ಕೋಲುಜೇನು. ಗೋಡೆಯ ಸಂದಿನಲ್ಲಿರುವ, ಕುಟುಕಲಾರದ ಕಿರುನೊಣವು ಮುಜಂಟಿ. ಸುಶ್ರುತಸಂಹಿತೆಯೂ ಪೌತ್ತಿಕ, ಭ್ರಾಮರ, ಕ್ಷೌದ್ರ, ಮಾಕ್ಷಿಕ ಮೊದಲಾಗಿ ಎಂಟು ಬಗೆಯ ಜೇನುತುಪ್ಪವನ್ನು ಹೇಳಿದೆ. ಈ ಹೆಸರುಗಳು ಶಾಸ್ತ್ರದ ಹೊಸ್ತಿಲೇ ಹೊರತು ಒಳಮನೆಯಲ್ಲ. ಒಳಕ್ಕೆ ಹೋಗುವುದಕ್ಕೆ ಸಂದೇಹವೊಂದು ಹುಟ್ಟಬೇಕು.

ಮಧುಕರರಾಜನು ಎದ್ದರೆ ನೊಣಗಳೆಲ್ಲವೂ ಏಳುವುವು, ಅವನು ನಿಂತರೆ ನಿಲ್ಲುವುವು ಎಂಬ ದೃಷ್ಟಾಂತವು ಪ್ರಶ್ನೋಪನಿಷತ್ತಿನಲ್ಲಿದೆ. ಆ ರಾಜನು ನಿಜವಾಗಿ ರಾಣಿ. ಅಷ್ಟೇ ಅಲ್ಲ, ಹಿಂಡಿಗೆ ಹೊಸ ನೆಲೆಯನ್ನು ಗೊತ್ತುಮಾಡುವುದು ಅವಳಲ್ಲ, ಹುಡುಕಿ ಬಂದ ಕೆಲಸಗಾರ ನೊಣಗಳು. ಇದನ್ನು ೧೯೫೦ರ ದಶಕದಲ್ಲಿ ತೋರಿಸಿಕೊಟ್ಟವನು ಕಾರ್ಲ್ ಫಾನ್ ಫ್ರಿಷ್‌ನ ಶಿಷ್ಯನಾದ ಮಾರ್ಟಿನ್ ಲಿಂಡೌವರ್. ಉಪನಿಷತ್ತಿನ ಉದ್ದೇಶವು ಪ್ರಾಣದ ಮಹಿಮೆಯೇ ಹೊರತು ಕೀಟದ ವಿಚಾರವಲ್ಲವಾದುದರಿಂದ ಇದರಲ್ಲಿ ವಿರೋಧವೇನೂ ಇಲ್ಲ.

ಇಂತಹ ಸಂದೇಹವು ವಿದ್ಯಾರ್ಥಿಯನ್ನು ಎಲ್ಲಿಗೆ ಒಯ್ಯಬಲ್ಲುದೆಂಬುದಕ್ಕೆ, ಜೇನಿಗೆ ದಾಯಾದಿಯೆನ್ನಬಹುದಾದ ಕಡಜದ ವಿಷಯದಲ್ಲಿ, ರಾಘವೇಂದ್ರ ಗದಗ್ಕರ್ ಅವರ ಚರಿತ್ರೆಯು ನಿದರ್ಶನವಾಗಿದೆ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುತ್ತಿದ್ದಾಗ ಅಲ್ಲಿನ ಕಿಟಕಿಗಳಲ್ಲಿ ಕಡಜಗಳು ಗೂಡು ಕಟ್ಟಿದ್ದುವು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರ್ ಪದವಿಗೆಂದು ಹಿಡಿದುದು ಅಣುಜೀವಶಾಸ್ತ್ರವನ್ನು. ಕಡಜಗಳನ್ನು ನೋಡುವುದು ಬಿಡುವಿನ ವಿನೋದ ಮಾತ್ರ. ೧೯೭೯ರಲ್ಲಿ ಆ ಪದವಿಯು ಬಂದ ಮೇಲೆ ವಿನೋದವೇ ವೃತ್ತಿಯಾಯಿತು. ಒಂದೊಂದು ಕಡಜಕ್ಕೂ ಬಣ್ಣದ ಬೊಟ್ಟನ್ನಿಟ್ಟು, ಅದು ಯಾವ ಕೆಲಸದಲ್ಲಿ ಎಷ್ಟು ಕಾಲವನ್ನು ಕಳೆಯುವುದೆಂದು ಲೆಕ್ಕ ಹಾಕಿ, ಸುಮ್ಮನೆ ಕುಳಿತಿರತಕ್ಕವು, ಕಾದಾಡತಕ್ಕವು, ಆಹಾರವನ್ನು ತರತಕ್ಕವು ಎಂಬ ಮೂರು ವರ್ಗಗಳನ್ನು ಅವರು ಎನ್. ವಿ. ಜೋಶಿಯವರೊಡನೆ ೧೯೮೩ರಲ್ಲಿ ಪ್ರಕಟಿಸಿದರು. ರೊಪಾಲಿಡಿಯ ಮಾರ್ಜಿನೇಟ ಎಂಬ ಜಾತಿಯಲ್ಲಿ ರಾಣಿಯು ಕಾದಾಡುವವುಗಳಲ್ಲಿ ಸೇರದೆ ಕುಳಿತಿರುವವುಗಳಲ್ಲಿ ಸೇರಿದಳು! ದೊರೆತನಕ್ಕೆ ಆರ್ಭಟವೇ ಲಕ್ಷಣವೆಂದು ಎಣಿಸಿದವರಿಗೆ ಇದು ಆಶ್ಚರ್ಯವೇ ಸರಿ.

ಮೊಸಳೆಯ ಕಡೆಯ ವಿದ್ಯಾರ್ಥಿಗೆ ಈಗ ಮಾರ್ಗವು ಇಷ್ಟು ಬಳಸಾಗಿಲ್ಲ. ಹಾಸನದ ಬಳಿಯ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಅಲ್ಲಿಂದ ಮುಂದೆ ಕೀಟಶಾಸ್ತ್ರಕ್ಕೆ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರವಿದೆ. ವಿಷಯಕ್ಕೂ ಕೊರತೆಯಿಲ್ಲ. ೧೯೯೦ರ ದಶಕದ ಆದಿಯಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಮರಿಹುಳುಗಳನ್ನು ಕೊಂದು ಕರ್ಣಾಟಕದ ತುಡುವೆಯ ಪೆಟ್ಟಿಗೆಗಳಲ್ಲಿ ಬಹುಭಾಗವನ್ನು ಬರಿದುಮಾಡಿತು.

ಇನ್ನು ನರ್ತನದ ವಿಚಾರ. ಮೇವನ್ನು ಕಂಡು ಬಂದ ನೊಣವು ಎರಿಯ ಮೇಲೆ ಒಡಲನ್ನು ಅಲುಗಿಸುತ್ತ ನೇರವಾಗಿ ಓಡುವುದು. ಅಲುಗಾಟವು ಹೆಚ್ಚು ಹೊತ್ತು ನಡೆದರೆ ಮೇವು ಹೆಚ್ಚು ದೂರವೆಂದು ಅರ್ಥ. ದಕ್ಷಿಣ ಭಾರತದಲ್ಲಿ ನಡೆದು ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಈ ಭಾಷೆಯಲ್ಲಿಯೂ ಪ್ರಾಂತಭೇದದಂತಹ ಜಾತಿಭೇದವುಂಟು. ದೂರವು ಬೆಳೆದಂತೆಲ್ಲ ಅಲುಗಾಟದ ಕಾಲವು ತುಡುವೆಯಲ್ಲಿ ಬೇಗಬೇಗನೆ ಬೆಳೆಯುವುದು, ಕೋಲುಜೇನಿನಲ್ಲಿ ಮಧ್ಯಮವಾಗಿ, ಹೆಜ್ಜೇನಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ. ತುಡುವೆಯು ಗೂಡಿನ ಹತ್ತಿರದಲ್ಲಿಯೇ ಮೇಯುವುದರಿಂದ ಅಲ್ಪಾಂತರವನ್ನೂ ಸ್ಫುಟವಾಗಿ ಹೇಳಬೇಕು; ಬಹುದೂರ ಹೋಗಿ ಮೇಯುವ ಹೆಜ್ಜೇನು ಅದೇ ರೀತಿಯಲ್ಲಿ ಹೇಳಹೊರಟರೆ ನರ್ತನವೇ ಮುಗಿಯದು.